ಸಾಕು ಮಾವನ ಡ್ರೋನ್

ಏ, ಆಚೆ ಬದಿಯಲ್ಲಿ ನಿಂತವರೇ, ಮೆಟ್ಟಿಲ ಮೇಲೆ ಕೂತವರೇ, ಸ್ವಲ್ಪ ಇಲ್ಲಿ ಕೇಳಿ! ನಮ್ಮ ಬೀದಿಯ ಟೈಲರ್ ಮಾವನ ವಿಷಯ ಹೇಳಬೇಕು. ಭಾನುವಾರ ಬಂತೆಂದರೆ ಕತ್ತರಿ ಕೆಳಗಿಟ್ಟು, ಡ್ರೋನನ್ನು ಕಂಕುಳಲ್ಲಿಟ್ಟುಕೊಂಡು, ಮೀನು ಹಿಡಿಯಲು ಸಮುದ್ರದ ದಂಡೆಗೆ ಹೊರಡುತ್ತಾರೆ. ಆ ಡ್ರೋನಿಗೂ ಅಳತೆ ತೆಗೆದು, ಹತ್ತಿ ತುಂಬಿದ ಅಂಗಿ ಹೊಲಿದಿದ್ದಾರೆ, ಗುಂಡಿ ಸಮೇತ. ಉಳಿದವರ ಡ್ರೋನುಗಳು ಗಾಳದ ದಾರ ಹೊತ್ತು ಕಣ್ಣಿಗೆ ಕಾಣದಷ್ಟು ದೂರ ಹಾರಿ, ಆಳದ ನೀರಿಗೆ ಗಾಳ ಬಿಟ್ಟು ಬರುತ್ತವೆ. ಮಾವನದು ಮೊದಲ ಅಲೆ ದಾಟಿತೋ ಇಲ್ಲವೋ, "ಸಾಕು, ಸಾಕು, ಬಾರಪ್ಪಾ ವಾಪಸ್ಸು!" ಎಂದು ಕೂಗಿ ಗಾಳ ಬೀಳಿಸಿಬಿಡುತ್ತಾರೆ. ಅದಕ್ಕೇ ಎಲ್ಲರ ಬಾಯಲ್ಲೂ ಅವರು ಸಾಕು ಮಾವ. ಆ ಮೊಣಕಾಲುದ್ದದ ನೀರಿಗೆ ಮೀನು ಬಂದಾದರೂ ಏನು ಮಾಡಬೇಕು? ಇವತ್ತು ನಾನೂ ರೇಗಿಸಿದೆ: "ಮಾವ, ಇಷ್ಟು ಹತ್ರ ಹಾಕೋಕೆ ಡ್ರೋನ್ ಯಾಕೆ? ಕೈಯಲ್ಲೇ ಎಸೀಬಹುದಲ್ಲ!" ಯಾವಾಗಲೂ ನಗುವವರು ನಗಲಿಲ್ಲ. "ಮುಂಚೆ ಗಾಳ ಹಿಡ್ಕೊಂಡು ಈಜ್ಕೊಂಡು ಹೋಗ್ತಿದ್ದೋನು ನನ್ನ ತಮ್ಮ ಕಣೋ. ಅವತ್ತು ಮೊದಲನೇ ಅಲೆ ದಾಟಿ, ತಿರುಗಿ ನೋಡಿ, 'ಅಣ್ಣಾ, ಸಾಕಾ?' ಅಂದ. 'ಇನ್ನೂ ಸ್ವಲ್ಪ ಮುಂದೆ ಹೋಗೋ' ಅಂದೆ ನಾನು. ಹೋದ. ವಾಪಸ್ ಬರ್ಲೇ ಇಲ್ಲ." ಅಷ್ಟರಲ್ಲಿ ಡ್ರೋನ್ ಬಂದು ಮರಳಿನ ಮೇಲೆ ಇಳಿಯಿತು. ಮಾವ ಚೀಲದಿಂದ ಟವೆಲ್ ತೆಗೆದು, ಒಂದು ಹನಿಯೂ ತಾಗದ ಅದರ ಬೆನ್ನನ್ನು ನಿಧಾನವಾಗಿ ಒರೆಸಿ, ಅಂಗಿ ತೊಡಿಸಿ, ಒಂದೂ ಬಿಡದೆ ಗುಂಡಿಗಳನ್ನೆಲ್ಲ ಹಾಕಿದರು.