ಸದ್ದಿಲ್ಲದ ಮಿಷಿನ್ ಕಟ್ಟಿದ ಗಂಗೋತ್ರಿ

ಆದವಾನಿ ಸ್ಟೇಷನ್ ರಸ್ತೆಯಿಂದ ಒಳಕ್ಕೆ ತಿರುಗಿದರೆ ಒಂದು ಗಲ್ಲಿ. ಅಲ್ಲಿ ಬೀಜ-ಗೊಬ್ಬರದ ಅಂಗಡಿಗೂ ಟೈಲರ್ ಅಂಗಡಿಗೂ ನಡುವೆ, ಎಂಟಡಿ ಅಗಲದಲ್ಲಿ ಗಂಗೋತ್ರಿಯ ಕಂಪ್ಯೂಟರ್ ಅಂಗಡಿ. ಗಂಗೋತ್ರಿಯದು ಅಂತ ಈಗ ಎಲ್ಲರೂ ಅನ್ನುತ್ತಾರೆ, ಆದರೆ ತೆರೆದವನು ಆಕೆಯ ಗಂಡ ಹಾಲೇಶ. ಮೂರು ವರ್ಷ ಕೂತ, ಬೇಸರ ಬಂತು, ಹತ್ತಿ ಕಂಪನಿಯೊಂದರ ಆಫೀಸಿನಲ್ಲಿ ಕೆಲಸ ಸಿಕ್ಕಿತು, ಕೈ ತೊಳೆದುಕೊಂಡು ಹೋದ. ಹೋಗುವಾಗ ಸುಮ್ಮನೆ ನೋಡಿಕೊಂಡಿರು ಅಂದಿದ್ದ. ನೋಡಿಕೊಂಡಿರುವುದು ಅಂದರೆ ಏನು ಅಂತ ಅವನಿಗೂ ಗೊತ್ತಿರಲಿಲ್ಲ, ಪುಣ್ಯಾತ್ಮ. ಆಕೆ ಮೊದಲು ಜೆರಾಕ್ಸ್ ತೆಗೆದಳು, ಆಮೇಲೆ ಕೆಟ್ಟ ಪ್ರಿಂಟರ್ ಬಿಚ್ಚಿದಳು, ಆಮೇಲೆ ಯೂಟ್ಯೂಬ್ ನೋಡಿ ನೋಡಿ ಕಂಪ್ಯೂಟರ್ ಕಟ್ಟುವುದನ್ನೇ ಕಲಿತಳು. ಎಂಟು ವರ್ಷವಾಯಿತು. ಈಗ ಮೂವತ್ತಾರು, ಬೆನ್ನು ಕೇಳಿದರೆ ಅರವತ್ತು ಅನ್ನುತ್ತದೆ.

ಕೆಲಸ ಬರುತ್ತಿತ್ತು, ಇಲ್ಲವೆಂದಲ್ಲ. ಆದರೆ ಎಂಥ ಕೆಲಸ? ಹುಡುಗರು ಆನ್‌ಲೈನಿನಲ್ಲಿ ಬಿಡಿಭಾಗ ತರಿಸಿಕೊಂಡು ಬಂದು, ಜೋಡಿಸಿ ಕೊಡು ಅಕ್ಕಾ ಅನ್ನುತ್ತಿದ್ದರು. ಒಳಗೆ ಏನಿದ್ದರೂ ಬಿಟ್ಟರೂ ಬಣ್ಣಬಣ್ಣದ ದೀಪ ಮಾತ್ರ ಇರಬೇಕು ಅವರಿಗೆ. ಆಕೆ ಇನ್ನೂರೋ ಮುನ್ನೂರೋ ಇಸಿದುಕೊಂಡು ಜೋಡಿಸಿ ಕಳಿಸುತ್ತಿದ್ದಳು. ಪೂರ್ತಿ ಮಿಷಿನ್ ನೀನೇ ಆರಿಸಿ ಕಟ್ಟು ಅನ್ನುವವರು ವರ್ಷಕ್ಕೆ ನಾಲ್ಕು ಜನ ಸಿಕ್ಕರೆ ಹೆಚ್ಚು. ಅಂಗಡಿ ಮುಚ್ಚಿಬಿಡು, ಬಾಡಿಗೆಯಾದರೂ ಉಳಿಯುತ್ತೆ ಅಂತ ಹಾಲೇಶ ದಿನಕ್ಕೊಂದು ಸಲ ಹೇಳುತ್ತಿದ್ದ. ಆಕೆ ದಿನಕ್ಕೊಂದು ಸಲ ಕೇಳಿಸದವಳ ಹಾಗೆ ಇರುತ್ತಿದ್ದಳು.

ಏಪ್ರಿಲ್‌ನಲ್ಲಿ ಆಂಜಿನಪ್ಪ ಬಂದ. ಐವತ್ತರ ಆಸುಪಾಸಿನ ಮನುಷ್ಯ, ಪೆದ್ದಹರಿವಾಣಂನವನು. ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲಿನಲ್ಲಿ ಇಪ್ಪತ್ತಾರು ವರ್ಷದಿಂದ ಫಿಟ್ಟರ್. ಸೀಜನ್ ಮುಗಿದು ಮಿಲ್ಲು ನಿಂತಿತ್ತು, ಮತ್ತೆ ಶುರುವಾಗುವುದು ಅಕ್ಟೋಬರಿಗೆ. ಕಂಪ್ಯೂಟರ್ ಬೇಕು, ಆಟ ಆಡೋದಕ್ಕೆ ಅಂದ. ಮಗನಿಗಾ ಅಂತ ಗಂಗೋತ್ರಿ ಕೇಳಿದಳು. ಮಗ ಇಲ್ಲ, ಮಗಳು ಶಿರೀಷಾಳನ್ನು ಆಲೂರಿಗೆ ಕೊಟ್ಟಿದೆ, ಆಟ ನನಗೇ ಅಂದ. ಅಳಿಯನ ಮನೆಯಲ್ಲಿ ಲಾರಿ ಓಡಿಸುವ ಆಟ ನೋಡಿ ಬಂದಿದ್ದನಂತೆ. ಹಿಮ ಬಿದ್ದ ಯಾವುದೋ ದೇಶದ ರಸ್ತೆ, ಹಾರ್ನಿಲ್ಲ, ಧೂಳಿಲ್ಲ, ಎದುರಿಗೆ ಒಂದು ಎಮ್ಮೆಯೂ ಅಡ್ಡ ಬರುವುದಿಲ್ಲ. ಆ ರಸ್ತೆಯ ಮೇಲೆ ಅವನಿಗೆ ಮನಸ್ಸಾಗಿಬಿಟ್ಟಿತ್ತು.

ಕೈಯಲ್ಲಿ ನಲವತ್ತೈದು ಸಾವಿರ ಇದೆ, ಅದರ ಮೇಲೆ ಹತ್ತು ರೂಪಾಯಿಯೂ ಆಗುವುದಿಲ್ಲ ಅಂದ. ಆಮೇಲೆ ಇನ್ನೊಂದು ಮಾತು ಹೇಳಿದ.

"ಸದ್ದು ಇರಬಾರದು ನೋಡಮ್ಮ. ಮಿಲ್ಲಿನಾಗ ಅರವತ್ತು ಜಿನ್ನು ಒಮ್ಮಿಗೇ ಹೊಡಕಂತಾವು. ಮನಿಯಾಗೂ ಸದ್ದು ಅಂದರ ನನಗ ಸಾಕಾಗೈತಿ."

ಹಿಂದಿನಿಂದ ಯಾರೋ ನಕ್ಕರು. ಗೊಬ್ಬರದಂಗಡಿಯ ಕೆಂಚಣ್ಣ ಚಿಲ್ಲರೆಗೆ ಬಂದು ನಿಂತಿದ್ದ. ಹೆಣ್ಣುಮಗಳು ಕಟ್ಟಿದ ಮಿಷಿನ್, ಅದೂ ಆ ರೊಕ್ಕಕ್ಕೆ, ಅದೂ ಸದ್ದಿಲ್ಲದ್ದು, ಆಯ್ತು ಬಿಡಪ್ಪ ಅಂತ ತೆಲುಗಿನಲ್ಲಿ ಅಂದ. ಗಂಗೋತ್ರಿಗೆ ಮೈ ಉರಿದುಹೋಯಿತು. ಉರಿದಾಗ ಆಡುವ ಮಾತು ಯಾವತ್ತೂ ಆಡಬಾರದ್ದೇ ಆಗಿರುತ್ತದೆ. ಸದ್ದು ಬಂದರೆ ಮಿಷಿನ್ ವಾಪಸ್ ತಗೊಂಡು ಪೂರ್ತಿ ರೊಕ್ಕ ಕೊಡುತ್ತೇನೆ ಅಂದುಬಿಟ್ಟಳು. ಸಂಜೆ ಈ ಸುದ್ದಿ ಕೆಂಚಣ್ಣನ ಬಾಯಿಂದ ಹಾಲೇಶನ ಕಿವಿಗೆ ಹೋಯಿತು. ಹಾಲೇಶ ಗಲಾಟೆ ಮಾಡಲಿಲ್ಲ. ಅದೊಂದು ವಾಪಸ್ ಬರಲಿ, ಮರುದಿನವೇ ಶಟರ್ ಎಳೆದು ಬೀಗ ಹಾಕುತ್ತೇನೆ ಅಂದ. ಅವನು ತಣ್ಣಗೆ ಹೇಳಿದ್ದನ್ನು ಮಾಡಿಯೇ ತೀರುತ್ತಾನೆ ಅಂತ ಆಕೆಗೆ ಗೊತ್ತಿತ್ತು.

ಇನ್ನು ಆರಿಸುವ ಕಷ್ಟ. ಕ್ಯಾಲೆಂಡರಿನ ಹಾಳೆ ಹರಿದು ಹಿಂಬದಿಯಲ್ಲಿ ಬರೆದಳು, ಹೊಡೆದಳು, ಮತ್ತೆ ಬರೆದಳು. ಕಂಪ್ಯೂಟರಿನಲ್ಲಿ ಸದ್ದು ಮಾಡುವುದು ಫ್ಯಾನುಗಳು. ಗ್ರಾಫಿಕ್ಸ್ ಕಾರ್ಡಿನದೊಂದು, ಪ್ರೊಸೆಸರಿನದೊಂದು, ಕರೆಂಟ್ ಕೊಡುವ ಎಸ್‌ಎಂಪಿಎಸ್ ಡಬ್ಬಿಯದೊಂದು. ಆಟಕ್ಕೆ ಕಾರ್ಡು ಗಟ್ಟಿ ಇರಬೇಕು, ಗಟ್ಟಿ ಕಾರ್ಡು ಬಿಸಿಯಾಗುತ್ತದೆ, ಬಿಸಿಯಾದರೆ ಫ್ಯಾನು ಅರಚುತ್ತದೆ. ಆದವಾನಿಯ ಏಪ್ರಿಲ್ ಅಂದರೆ ಕೇಳಬೇಕೆ, ಕೋಣೆಯೇ ಅರ್ಧ ಒಲೆ. ಹೊಸ ಕಾರ್ಡಿಗೆ ರೊಕ್ಕ ಸಾಲದು. ಬಳ್ಳಾರಿಯಲ್ಲಿ ಮುಚ್ಚಿಹೋದ ನೆಟ್ ಸೆಂಟರಿನವರ ಹತ್ತಿರ ಎರಡು ಫ್ಯಾನಿನ ಹಳೇ ಕಾರ್ಡೊಂದು ಇದೆ ಅಂತ ತಿಳಿದು, ಬೆಳಿಗ್ಗೆಯ ಬಸ್ಸು ಹಿಡಿದು ಹೋಗಿ, ಎರಡು ತಾಸು ಓಡಿಸಿ ನೋಡಿ ತಂದಳು. ಕೆಲಸವಿಲ್ಲದಾಗ ಅದರ ಫ್ಯಾನು ತಾನಾಗಿ ನಿಲ್ಲುತ್ತಿತ್ತು, ಅದಕ್ಕೇ ಮನಸೋತಳು. ಪ್ರೊಸೆಸರ್ ಹಿಂದಿನ ಸಾಲಿನದು ತಗೊಂಡಳು, ಹೆಚ್ಚು ಬಿಸಿಯಾಗದ್ದು. ಅದರ ಜೊತೆ ಪುಕ್ಕಟೆ ಬರುವ ಸಣ್ಣ ಫ್ಯಾನನ್ನು ಬದಿಗಿಟ್ಟು, ಅಂಗೈಯಗಲದ ದೊಡ್ಡದು ಹಾಕಿದಳು. ಸಣ್ಣದು ಓಡಿ ಓಡಿ ಏದುಸಿರು ಬಿಡುತ್ತದೆ, ದೊಡ್ಡದು ನಿಧಾನ ತಿರುಗಿದರೂ ಅಷ್ಟೇ ಗಾಳಿ ಕೊಡುತ್ತದೆ. ಗರಗರ ಅನ್ನುವ ಹಳೇ ಹಾರ್ಡ್ ಡಿಸ್ಕ್ ಬೇಡವೇ ಬೇಡ, ಒಳಗೆ ಏನೂ ತಿರುಗದ ಎಸ್‌ಎಸ್‌ಡಿ ಸಾಕು. ರ‍್ಯಾಮ್‌ಗೆ ವಾರಕ್ಕೊಂದು ಬೆಲೆ ಏರುತ್ತಿತ್ತು, ಹಲ್ಲು ಕಚ್ಚಿ ಹದಿನಾರು ಜೀಬಿಗೆ ನಿಲ್ಲಿಸಿದಳು. ಮುಂದೆ ಗಾಜಿರುವ ಚಂದದ ಕ್ಯಾಬಿನೆಟ್ ಬಿಟ್ಟು ಜಾಲರಿಯದು ಆರಿಸಿದಳು. ಇಲ್ಲಿಯ ಗಾಳಿಯಲ್ಲಿ ಹತ್ತಿಯ ಎಳೆ ಇರುತ್ತದೆಂದು ಜಾಲರಿಯ ಒಳಗೆ ಅತ್ತೆ ಕೊಟ್ರಮ್ಮನ ಹಳೇ ನೈಲೆಕ್ಸ್ ಸೀರೆಯ ತುಂಡೊಂದನ್ನು ಅಂಟಿಸಿದಳು. ಅತ್ತೆಗೆ ಹೇಳಲಿಲ್ಲ.

ಕಟ್ಟಿ ಮುಗಿಸಿ, ಅಂಗಡಿಯ ಬಾಗಿಲು ಎಳೆದು, ಗೋಡೆಯ ಫ್ಯಾನೂ ನಿಲ್ಲಿಸಿ, ಬೆವರು ಸುರಿಸುತ್ತ ಕಿವಿಗೊಟ್ಟು ಕೂತಳು. ಲಾರಿ ಹಿಮದಲ್ಲಿ ಓಡುತ್ತಿದ್ದರೂ ಮಿಷಿನ್ ಉಸಿರಾಡಿದಷ್ಟೇ. ಎಂಟು ವರ್ಷದಲ್ಲಿ ತಾನು ಕಟ್ಟಿದ್ದರಲ್ಲಿ ಇದು ಚೊಕ್ಕ ಅನ್ನಿಸಿತು.

ಮಿಷಿನ್ ಒಯ್ದ ಹನ್ನೆರಡನೇ ದಿನ ಆಂಜಿನಪ್ಪ ಅದರ ಸಮೇತ ಹಾಜರು. ಸದ್ದು ಐತಿ ಅಂದ. ಆಕೆ ಫ್ಯಾನುಗಳ ಓಟವನ್ನು ಇನ್ನಷ್ಟು ತಗ್ಗಿಸಿ ಕಳಿಸಿದಳು. ಮತ್ತೆ ವಾರಕ್ಕೆ ಆಟೋದಲ್ಲಿ ಅದನ್ನು ಹೊತ್ತು ತಂದ. ಆಟದ ನಡುವೆ ದಪ್ಪಂತ ಆಫ್ ಆಗುತ್ತಿದೆಯಂತೆ. ಪಕ್ಕದ ತಗಡು ಬಿಚ್ಚಿದರೆ ಗಂಗೋತ್ರಿಗೆ ಒಂದು ಕ್ಷಣ ತಾನು ಏನು ನೋಡುತ್ತಿದ್ದೇನೆ ಅಂತಲೇ ತಿಳಿಯಲಿಲ್ಲ. ಒಳಗೆಲ್ಲ ಬೆಳ್ಳಗೆ, ಮಿಲ್ಲಿನ ಹೊಸ ಹತ್ತಿ, ತಲೆದಿಂಬು ತುಂಬಿದ ಹಾಗೆ ಒತ್ತಿ ಒತ್ತಿ ತುಂಬಿದ್ದ. ಮಿಲ್ಲಿನಲ್ಲಿ ನಾವು ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತೇವೆ, ಸದ್ದು ಮಾಡುವುದು ಇದು, ಅದಕ್ಕೇ ಇದರ ಬಾಯಿಗೆ ಇಟ್ಟೆ ಅಂದ, ಮುಖದಲ್ಲಿ ಎಳ್ಳಷ್ಟೂ ಅಳುಕಿಲ್ಲದೆ. ಅಳಬೇಕೋ ನಗಬೇಕೋ ಆಕೆಗೆ ಗೊತ್ತಾಗಲಿಲ್ಲ. ಚಿಮಟ ಹಿಡಿದು, ಫ್ಯಾನಿನ ರೆಕ್ಕೆಗಳ ಸಂದಿಯಿಂದ ಒಂದೊಂದೇ ಎಳೆ ಕೀಳುವುದಕ್ಕೆ ಅರ್ಧ ದಿನ ಹಿಡಿಯಿತು. ಯಾವುದೂ ಸುಟ್ಟಿರಲಿಲ್ಲ, ಅದೊಂದು ಪುಣ್ಯ.

ಮೂರನೇ ಸಲ ಬಂದಾಗ ಅವನ ಪರೀಕ್ಷೆಯನ್ನು ಆಕೆ ಕಣ್ಣಾರೆ ಕಂಡಳು. ಜೇಬಿನಿಂದ ಉದ್ದನೆಯ ಸ್ಕ್ರೂಡ್ರೈವರ್ ತೆಗೆದ. ತುದಿಯನ್ನು ಕ್ಯಾಬಿನೆಟ್ಟಿನ ತಗಡಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಇಟ್ಟು, ಕಣ್ಣು ಮುಚ್ಚಿದ. ಜಿನ್ನಿನ ಬೇರಿಂಗ್ ನೋಡುವುದು ಹೀಗೇ ಅಂತೆ. ಅರವತ್ತು ಜಿನ್ನು ಹೊಡೆದುಕೊಳ್ಳುತ್ತಿರುವಾಗ ಕಿವಿ ಯಾತಕ್ಕೆ ಬಂತು, ಎಲುಬೇ ಕೇಳಬೇಕು. ಯಾವ ಬೇರಿಂಗ್ ಎಷ್ಟು ದಿನಕ್ಕೆ ಹೋಗುತ್ತದೆ ಅಂತ ಹೀಗೆ ನಿಂತು ಹೇಳಿಬಿಡುತ್ತಾನೆ, ಆ ಕಿವಿಗೇ ಮಾಲೀಕರು ಸಂಬಳ ಕೊಡುವುದು ಅಂತ ಅವನೇ ಹೇಳಿಕೊಂಡ. ಕಣ್ಣು ಬಿಟ್ಟು, ಗುಂಯ್ ಅಂತೈತಿ ಅಂದ. ಫ್ಯಾನು ತಿರುಗುವ ತಗಡಿಗೆ ಎಲುಬು ಹಚ್ಚಿದರೆ ಗುಂಯ್ ಅನ್ನದೆ ಜೋಗುಳ ಹಾಡುತ್ತದೆಯೇ? ಆಕೆ ಹಾಗೆ ಅನ್ನಲಿಲ್ಲ. ತನ್ನ ಕೈಯಿಂದ ರೊಕ್ಕ ಹಾಕಿ ಎಸ್‌ಎಂಪಿಎಸ್ ಬದಲಿಸಿದಳು, ಫ್ಯಾನುಗಳ ಕೆಳಗೆ ರಬ್ಬರ್ ಬಿಲ್ಲೆ ಇಟ್ಟಳು. ಅದರಲ್ಲಿ ಬರಬೇಕಾಗಿದ್ದ ನಾಲ್ಕು ಕಾಸು ಅಲ್ಲಿಗೆ ಗಾಳಿಗೆ ಹೋಯಿತು.

ಜೂನ್‌ನಲ್ಲಿ ಫೋನ್ ಬಂತು. ನಾಳೆ ಮಿಷಿನ್ ವಾಪಸ್ ತರುತ್ತೇನೆ, ಮಾತು ಮಾತೇ ಅಂದ ಆಂಜಿನಪ್ಪ. ತರಬೇಡಿ, ನಾನೇ ಬರುತ್ತೇನೆ ಅಂದಳು. ಅವನಿಗೆ ಕೇಳಿಸಲಿಲ್ಲವೋ ಏನೋ, ಎರಡು ಸಲ ಹೇಳಬೇಕಾಯಿತು.

ಪೆದ್ದಹರಿವಾಣಂಗೆ ಹೋದಾಗ ಮಧ್ಯಾಹ್ನ. ಬಸ್ಸಿನಲ್ಲಿ ನಿಂತು ನಿಂತು ಕಾಲು ಬಿದ್ದುಹೋಗಿತ್ತು. ಅವನ ಹೆಂಡತಿ ಹುಲುಗಮ್ಮ ಮಜ್ಜಿಗೆ ಕೊಟ್ಟಳು. ಆ ಹೆಣ್ಣುಮಗಳು ಗಂಡನ ಹತ್ತಿರ ಮಾತಾಡಬೇಕಾದರೆ ಮುಂದೆ ಬಂದು ನಿಂತು, ಕೈ ತಿರುಗಿಸಿ ತೋರಿಸಿ, ಆಮೇಲೆ ಬಾಯಿ ತೆರೆಯುತ್ತಿದ್ದಳು. ಊಟ ಅಂತ ಒಂದು ಸನ್ನೆ, ನೀರು ಅಂತ ಒಂದು. ಮಿಲ್ಲಿನವರೆಲ್ಲ ಹೀಗೇ, ಒಳಗೆ ಮಾತು ಕೇಳದೆ ಕೈಯಲ್ಲೇ ಬದುಕುತ್ತಾರೆ, ಅದು ಮನೆಗೂ ಬಂದಿದೆ ಅಂದುಕೊಂಡಳು ಗಂಗೋತ್ರಿ. ಅದಕ್ಕಿಂತ ಮುಂದಕ್ಕೆ ಯೋಚಿಸುವ ಚೈತನ್ಯ ಆಕೆಗೆ ಇರಲಿಲ್ಲ. ತಲೆಯಲ್ಲಿ ಇದ್ದದ್ದು ಶಟರ್ ಒಂದೇ.

ಮಿಷಿನ್ ಬಿಚ್ಚಿದಳು, ನೋಡಿದಳು, ಮುಚ್ಚಿದಳು. ಎಲ್ಲ ನೆಟ್ಟಗಿತ್ತು. ತಗಡಿಗೇ ಕಿವಿ ಹಚ್ಚಿದರೂ ಗಾಳಿ ಸರಿದಷ್ಟು ಮಾತ್ರ. ಹುಲುಗಮ್ಮನನ್ನು ಕರೆದು ಕೇಳಿದಳು. ನನಗೇನೂ ಕೇಳಸಂಗಿಲ್ಲಮ್ಮ ಅಂದಳು ಆಕೆ, ಮೆಲ್ಲಗೆ. ಆಂಜಿನಪ್ಪ ಸ್ಕ್ರೂಡ್ರೈವರ್ ತೆಗೆದು ತಗಡಿಗೆ ಒತ್ತಿ, ಎಲುಬಿಗಿಟ್ಟು, ಕಣ್ಣು ಮುಚ್ಚಿದ.

ಗಂಗೋತ್ರಿಗೆ ಸಾಕಾಗಿಹೋಗಿತ್ತು. ಮನುಷ್ಯ ರೊಕ್ಕ ವಾಪಸ್ ಬೇಕೆಂದೇ ನಾಟಕ ಮಾಡುತ್ತಿದ್ದಾನೆ, ಇವನ ಸುಳ್ಳನ್ನು ಇವತ್ತು ಇವನ ಹೆಂಡತಿಯ ಎದುರಿಗೇ ಹಿಡಿಯುತ್ತೇನೆ ಅಂತ ಸಿಟ್ಟು ಬಂತು. ಕರುಣೆ ಗಿರುಣೆ ಏನೂ ಇರಲಿಲ್ಲ ಆ ಹೊತ್ತಿನಲ್ಲಿ. ಬಗ್ಗಿ ಗೋಡೆಯಿಂದ ಪ್ಲಗ್ ಕಿತ್ತು ಕೈಯಲ್ಲಿ ಹಿಡಿದಳು. ಪರದೆ ಕಪ್ಪಾಯಿತು, ಫ್ಯಾನುಗಳು ನಿಂತವು.

ಕಣ್ಣು ಮುಚ್ಚಿಕೊಂಡೇ ಆಂಜಿನಪ್ಪ ತಲೆಯಾಡಿಸಿದ.

"ಐತಿ. ಈಗಂತೂ ಇನ್ನ ಚಲೋ ಕೇಳಸ್ತೈತಿ."

ಹುಲುಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗಂಗೋತ್ರಿಗೆ ಆಗ ತಿಳಿಯಿತು, ಸದ್ದು ಇದ್ದದ್ದು ಅವನ ಕಿವಿಯೊಳಗೇ, ಅವನು ಸುಳ್ಳು ಹೇಳಿರಲಿಲ್ಲ. ಎರಡು ತಿಂಗಳಲ್ಲಿ ಒಂದು ದಿನವೂ ಹೇಳಿರಲಿಲ್ಲ. ಪ್ಲಗ್ಗನ್ನು ಬೇಗ ಸಿಕ್ಕಿಸಿಬಿಡಬೇಕು, ಅವನು ಕಣ್ಣು ಬಿಡುವುದರೊಳಗೆ ಪರದೆ ಬರಬೇಕು ಅಂತ ಮನಸ್ಸು ಹೊಯ್ದಾಡಿತು. ಕೈ ಏಳಲಿಲ್ಲ. ಅವನು ಕಣ್ಣು ಬಿಟ್ಟ. ಪರದೆ ನೋಡಿದ, ಆಮೇಲೆ ಆಕೆಯ ಕೈ ನೋಡಿದ.

"ಯಾವಾಗ ಕಿತ್ತಿ?"

"ನೀವು ಕಣ್ಣು ಮುಚ್ಚಿದಾಗರಿ ಅಣ್ಣಾ."

ಅವನು ಸ್ಕ್ರೂಡ್ರೈವರನ್ನು ಎಲುಬಿನಿಂದ ತೆಗೆದ. ಏನನ್ನೋ ಆಲಿಸಿದ. ತಗಡನ್ನು ಮುಟ್ಟದೆಯೇ ಅದು ಕೇಳುತ್ತಿದೆ ಅಂತ ಅವನ ಮುಖದಲ್ಲೇ ಕಾಣುತ್ತಿತ್ತು. ಹುಲುಗಮ್ಮ ಏನೋ ಹೇಳಲು ಕೈ ಎತ್ತಿ, ಇದಕ್ಕೆ ಸನ್ನೆ ಇಲ್ಲದೆ, ಇಳಿಸಿದಳು.

"ಹಂಗಾದರ ಹೋದ ಸೀಜನ್ನಿನಾಗ ಗುಂಯ್ ಅಂತಾವು ಅಂತ ನಾ ಬಿಚ್ಚಿಸಿದ ಬೇರಿಂಗು," ಅಂದ, ಅರ್ಧಕ್ಕೇ ನಿಲ್ಲಿಸಿದ. ಆ ಬೇರಿಂಗುಗಳಿಗಾಗಿ ಅವನು ಯಾರನ್ನು ಬೈದಿದ್ದನೋ, ಎಷ್ಟು ದಿನ ಜಿನ್ನು ನಿಂತಿದ್ದವೋ, ಗಂಗೋತ್ರಿಗೆ ಗೊತ್ತಿಲ್ಲ. ಮಿಲ್ಲು ಮತ್ತೆ ಶುರುವಾಗುವ ಅಕ್ಟೋಬರಿಗೆ ನಾಲ್ಕು ತಿಂಗಳಿತ್ತು.

ಅವನು ಎದ್ದು ಬಂದು, ಕ್ಯಾಬಿನೆಟ್ಟಿನ ಮೇಲೆ ಅಂಗೈ ಇಟ್ಟು, ಆಕೆಯ ಮುಖವನ್ನೇ ನೋಡುತ್ತ ಹೇಳಿದ.

"ಮಿಷಿನ್ ಚಲೋ ಕಟ್ಟೀಯಮ್ಮ. ಇದರಾಗ ಸದ್ದಿಲ್ಲ. ವಾಪಸ್ ತರಂಗಿಲ್ಲ ನಾನು."

ಇದೊಂದು ಮಾತಿಗಾಗಿ ಗಂಗೋತ್ರಿ ಎರಡು ತಿಂಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದಳು. ಅಂಗಡಿ ಉಳಿಯಿತು. ಕೆಂಚಣ್ಣನ ಬಾಯಿ ಮುಚ್ಚಿತು, ಹಾಲೇಶನದೂ ಮುಚ್ಚುತ್ತದೆ. ಯಾಕಾದರೂ ಗೆದ್ದೆನೋ ಅನ್ನಿಸಿತು ಆಕೆಗೆ. ಏನಾದರೂ ಹೇಳಬೇಕೆಂದು ಬಾಯಿ ತೆರೆದಳು, ಮೆಲ್ಲಗೆ ಹೇಳಿದರೆ ಅವನಿಗೆ ಕೇಳಿಸುವುದಿಲ್ಲ, ಕೂಗಿ ಹೇಳುವಂಥ ಮಾತು ಅದಾಗಿರಲಿಲ್ಲ.