ಮೇಲಿನ ಹಲಗೆಯ ಪುಸ್ತಕ

ಜಯನಗರದಲ್ಲಿ ಆಗ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ಅರವತ್ತರ ದಶಕದ ಮೊದಲ ವರ್ಷಗಳ ಮಾತಿದು. ನಮ್ಮ ಹಿತ್ತಲಿನಾಚೆ ರಾಗಿ ಹೊಲ, ಮುಂದೆ ಕೆಂಪು ಮಣ್ಣಿನ ರಸ್ತೆ. ಅಪ್ಪ ಸೈಕಲ್ ಹತ್ತಿ ಕಚೇರಿಗೆ ಹೊರಟರೆ ‘ಸಿಟಿಗೆ ಹೋದರು’ ಎನ್ನುತ್ತಿದ್ದೆವು. ಸಂಕ್ರಾಂತಿ ಹತ್ತಿರ ಬಂತೆಂದರೆ ಬೀದಿಗೆ ಬೀದಿಯೇ ಅವರೆಕಾಯಿಯ ಸೊಗಡು. ಆ ಕಾಲದಲ್ಲಿ ಈ ಕಡೆ ಬೆಳೆದವರಿಗೆ ಆ ವಾಸನೆಯನ್ನು ವಿವರಿಸಬೇಕಾಗಿಲ್ಲ. ಬೆರಳಿಗೆ ಅಂಟಿದ್ದು ಸೋಪು ಹಚ್ಚಿ ತೊಳೆದರೂ ಹೋಗುತ್ತಿರಲಿಲ್ಲ. ಓದುವ ಪುಸ್ತಕದ ಹಾಳೆಗಳಿಗೂ ಹತ್ತಿಕೊಳ್ಳುತ್ತಿತ್ತು.

ನನಗೆ ಆಗ ಹತ್ತು ವರ್ಷ. ಆದರೆ ನೋಡಿದವರು ಹದಿಮೂರು ಎನ್ನುತ್ತಿದ್ದರು, ಅಷ್ಟು ಎತ್ತರ ಬೆಳೆದುಬಿಟ್ಟಿದ್ದೆ. ಕುಂಟೆಬಿಲ್ಲೆ ಆಡಲು ಹೋದರೆ ‘ಇವಳು ದೊಡ್ಡವಳು, ಬೇಡ’ ಎಂದು ಓರಗೆಯವರೇ ಹೊರಗಿಡುತ್ತಿದ್ದರು. ಹಾಗಾಗಿ ಪುಸ್ತಕವೇ ನನ್ನ ಆಟ.

ಪುಸ್ತಕ ಸಿಗುತ್ತಿದ್ದುದು ಲಲಿತಮ್ಮ ಟೀಚರ್ ಮನೆಯಲ್ಲಿ. ಅವರು ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾಗಿ, ನಮ್ಮ ಮನೆಯಿಂದ ನಾಲ್ಕು ಸೈಟು ಆಚೆ ಒಂಟಿಯಾಗಿದ್ದರು. ಅವರ ವರಾಂಡದಲ್ಲಿ ಬಾಗಿಲಿಲ್ಲದ ಒಂದು ಮರದ ಬೀರು. ಅದಕ್ಕೆ ಮೂರು ಹಲಗೆ. ಕೆಳಗಿನದರಲ್ಲಿ ದಪ್ಪ ಅಕ್ಷರದ ಚಿತ್ರದ ಪುಸ್ತಕಗಳು. ನಡುವಿನದರಲ್ಲಿ ರಾಜರ ಕಥೆ, ಕಾಡಿನ ಕಥೆ, ನಕ್ಷತ್ರ, ಹಕ್ಕಿ, ರೈಲು. ಮೇಲಿನದರಲ್ಲಿ ಹದಿನಾಲ್ಕು ದಾಟಿದವರಿಗೆ ಕಾದಂಬರಿಗಳು.

“ನಿಮ್ಮ ಕೈಗೆ ಎಟುಕಿದ್ದು ನಿಮ್ಮ ಪುಸ್ತಕ. ಸ್ಟೂಲ್ ಹತ್ತೋ ಹಾಗಿಲ್ಲ, ಎಗರೋ ಹಾಗಿಲ್ಲ” ಎಂದು ಅವರು ಎಲ್ಲರಿಗೂ ಹೇಳಿಟ್ಟಿದ್ದರು. ಬಡಾವಣೆಯ ಮಕ್ಕಳಿಗೆ ವಯಸ್ಸಿಗೆ ತಕ್ಕ ಪುಸ್ತಕ ಹಂಚಲು ಅವರು ಕಂಡುಕೊಂಡ ಉಪಾಯ ಅದು. ಅದರ ಬಗ್ಗೆ ಅವರಿಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಸಂಕ್ರಾಂತಿಗೆ ಮುಂಚಿನ ಒಂದು ಶನಿವಾರ ನನ್ನ ಬೆರಳು ಮೇಲಿನ ಹಲಗೆಯ ಒಂದು ಪುಸ್ತಕಕ್ಕೆ ತಾಗಿತು. ಎಗರದೆ, ಹಿಮ್ಮಡಿಯನ್ನೂ ಎತ್ತದೆ.

ಟೀಚರ್ ನಕ್ಕರು. “ಎಟುಕೇಬಿಡ್ತಾ ಉಮಾ? ಹಾಗಿದ್ರೆ ತಗೊಂಡ್ ಹೋಗು. ದೊಡ್ಡವಳಾದೆ ನೀನು.”

ಆ ಮಾತಿಗೆ ನಾನು ಉಬ್ಬಿಹೋದೆ.

ಆಗ ನಮ್ಮ ಮನೆಯಲ್ಲಿ ಅಮ್ಮನಿಗೆ ದಿನ ತುಂಬಿತ್ತು. ನನಗೂ ತಮ್ಮ ರವಿಗೂ ಹೇಳಿದ್ದು ಇಷ್ಟೇ: ಅಮ್ಮ ಆಸ್ಪತ್ರೆಗೆ ಹೋಗುತ್ತಾಳೆ, ಅಲ್ಲಿ ನರ್ಸಮ್ಮ ಒಂದು ಪಾಪು ಕೊಡುತ್ತಾಳೆ. ಹೆಚ್ಚಿಗೆ ಕೇಳಿದರೆ ‘ಹೋಗ್ ಆಡ್ಕೋ’ ಎನ್ನುತ್ತಿದ್ದರು. ಬಾಣಂತನಕ್ಕೆಂದು ಅಮ್ಮನ ಅಮ್ಮ ಕನಕಪುರದ ಕಡೆಯ ಊರಿನಿಂದ ಬಂದಿದ್ದರು. ಹಣೆಯ ತುಂಬ ವಿಭೂತಿ, ಬಾಯಲ್ಲಿ ಸದಾ ‘ಶಿವನೇ’. ಬೆಳಗಿನಿಂದ ಸಂಜೆವರೆಗೆ ಹಜಾರದಲ್ಲಿ ಕಾಲು ಚಾಚಿ ಕುಳಿತು ಅವರೆಕಾಳು ಹಿತುಕುತ್ತಿದ್ದರು. ಅವರ ತಲೆಯ ಮೇಲೆ, ಗೋಡೆಯಲ್ಲಿ, ಗಂಧದ ಹಾರ ಹಾಕಿದ ಒಂದು ಫೋಟೋ. ಅಮ್ಮನ ತಂಗಿ ಗಿರಿಜ ಚಿಕ್ಕಮ್ಮನದು. ನಾನು ಹುಟ್ಟುವ ಮುಂಚೆಯೇ ಜ್ವರ ಬಂದು ಹೋದವಳು ಎಂದು ನಮಗೆ ಹೇಳಿದ್ದರು.

ಪುಸ್ತಕವನ್ನು ನಾನು ಓದಿದ್ದು ತಾರಸಿಯ ಮೆಟ್ಟಿಲ ಮೇಲೆ, ಚಳಿಗಾಲದ ಬಿಸಿಲಿಗೆ ಬೆನ್ನು ಕೊಟ್ಟು. ಅದರ ಹೆಸರು ಈಗ ನೆನಪಿಲ್ಲ. ಒಬ್ಬ ಒಳ್ಳೆಯ ಮೇಷ್ಟ್ರು, ಅವನಿಗೆ ನಗುನಗುವ ಹೆಂಡತಿ. ಅರ್ಧ ಪುಸ್ತಕದವರೆಗೆ ಖುಷಿಯಾಗಿ ಓದಿದೆ. ಆಮೇಲೆ ಆ ಹೆಂಡತಿಗೆ ಹೊಟ್ಟೆನೋವು ಬಂತು. ಗಾಡಿ ಕಟ್ಟಿದರು. ಆಸ್ಪತ್ರೆಯ ಬಾಗಿಲ ಹೊರಗೆ ಮೇಷ್ಟ್ರು ಕುಳಿತ. ಒಳಗಿನ ಕೂಗು, ರಕ್ತದ ಬಟ್ಟೆ ಹಿಡಿದು ಓಡುವ ಆಯಾ, ಎಲ್ಲವನ್ನೂ ಬರೆದವರು ಬಿಡಿಸಿ ಬಿಡಿಸಿ ಬರೆದಿದ್ದರು. ಕೊನೆಗೆ ಡಾಕ್ಟರು ಹೊರಗೆ ಬಂದು ಮಗು ಉಳಿಯಿತು, ತಾಯಿ ಉಳಿಯಲಿಲ್ಲ ಎಂದರು.

ಮಗು ಹೊಟ್ಟೆಯಲ್ಲಿ ಇರುತ್ತದೆ ಎಂಬುದೇ ನನಗೆ ಹೊಸದು. ಅದು ಬರುವಾಗ ತಾಯಿ ಸಾಯಬಹುದು ಎಂಬುದೂ ಅದೇ ಪುಟದಲ್ಲಿ ಗೊತ್ತಾಯಿತು. ಎರಡು ಸುದ್ದಿಯನ್ನೂ ಒಟ್ಟಿಗೆ ನುಂಗಲು ಆಗಲಿಲ್ಲ. ಮೆಟ್ಟಿಲಿನಿಂದ ಬಗ್ಗಿ ನೋಡಿದರೆ ಅಮ್ಮ ಬಾವಿಕಟ್ಟೆಯ ಹತ್ತಿರ ಸೊಂಟಕ್ಕೆ ಕೈಕೊಟ್ಟು ನಿಂತು, ರವಿಗೆ ಏನೋ ಹೇಳಿ ನಗುತ್ತಿದ್ದಳು. ಪುಸ್ತಕದ ಹೆಂಡತಿಯೂ ಹೀಗೆಯೇ ನಗುತ್ತಿದ್ದಳಲ್ಲ!

ಯಾರನ್ನು ಕೇಳುವುದು? ಅಮ್ಮನನ್ನೇ ಕೇಳಲೇ, ನೀನು ಸಾಯುತ್ತೀಯಾ ಎಂದು? ಪುಸ್ತಕವನ್ನು ಹಾಸಿಗೆಯ ಸುರುಳಿಯೊಳಗೆ ತುರುಕಿದೆ. ಆಮೇಲಿನ ದಿನಗಳಲ್ಲಿ ಅಮ್ಮ ಹೋದಲ್ಲೆಲ್ಲ ಹಿಂದೆ ಹಿಂದೆ ಹೋದೆ. ಅವಳು ಅಡುಗೆ ಮಾಡಿದರೆ ಬಾಗಿಲಲ್ಲಿ ನಿಂತೆ, ಮಲಗಿದರೆ ಪಕ್ಕದಲ್ಲಿ ಕುಳಿತು ಉಸಿರು ನೋಡಿದೆ. ಹಿತಕಿದ ಬೇಳೆಯ ಸಾರೆಂದರೆ ಪ್ರಾಣ ಬಿಡುತ್ತಿದ್ದ ನಾನು ತಟ್ಟೆಯನ್ನು ಹಾಗೇ ಸರಿಸಿ ಏಳುತ್ತಿದ್ದೆ. ಸಂಕ್ರಾಂತಿಯ ದಿನ ಹೊಸ ಲಂಗ ಹಾಕಿಕೊಂಡು ಎಳ್ಳು ಬೀರಲೂ ಹೊರಡಲಿಲ್ಲ.

“ಏನೇ ಇದು, ಬಾಲದ್ ಥರ ಅಂಟ್ಕೊಂಡಿದೀಯ?” ಎಂದು ಅಮ್ಮ ರೇಗಿದಳು. ಪಾಪು ಬಂದರೆ ತನ್ನನ್ನು ಮರೆಯುತ್ತಾರೆಂದು ಹೊಟ್ಟೆಕಿಚ್ಚು, ಎಂದು ಅಜ್ಜಿ ತೀರ್ಮಾನಿಸಿದರು.

ಒಂದು ಬೆಳಿಗ್ಗೆ ಶಾಲೆಗೆ ಜಡೆ ಹಾಕುತ್ತಿದ್ದಾಗ ಅಮ್ಮನ ಕೈ ನನ್ನ ಕೂದಲಲ್ಲೇ ನಿಂತುಬಿಟ್ಟಿತು. “ಅವ್ವಾ” ಎಂದು ಅಜ್ಜಿಯನ್ನು ಕೂಗಿದಳು. ಮನೆಯಲ್ಲಿ ಒಮ್ಮೆಲೇ ಓಡಾಟ ಶುರುವಾಯಿತು. ಅಪ್ಪ ಸೈಕಲ್ ತುಳಿದು ಹೋಗಿ ಜಟಕಾ ಕರೆತಂದರು. ಅಜ್ಜಿ ಬಟ್ಟೆಯ ಗಂಟು ಕಟ್ಟಿದರು, ಅಮ್ಮನ ಹಣೆಗೆ ವಿಭೂತಿ ಇಟ್ಟರು. ಅಪ್ಪನೂ ಪಕ್ಕದ ಮನೆಯ ಹಿರಿಯ ಹೆಂಗಸೊಬ್ಬರೂ ಜೊತೆಗೆ ಹೋಗುವುದು, ಅಜ್ಜಿ ನಮ್ಮನ್ನು ನೋಡಿಕೊಳ್ಳುವುದು ಎಂದಾಯಿತು.

ಗೇಟಿನ ಬಳಿ ಆ ಗಾಡಿಯನ್ನು ಕಂಡದ್ದೇ ನನಗೆ ಏನಾಯಿತೋ. ಓಡಿಹೋಗಿ ಅಮ್ಮನ ಸೀರೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

“ಹೋಗ್ಬೇಡ ಅಮ್ಮಾ! ಹೋದ್ರೆ ಸತ್ತೋಗ್ತೀಯ! ಪಾಪು ಬರುತ್ತೆ, ನೀನ್ ಬರಲ್ಲ!”

ಅಮ್ಮನ ಮುಖದಲ್ಲಿ ಬಣ್ಣ ಉಳಿಯಲಿಲ್ಲ. ಅಪ್ಪ ಗಾಡಿಯ ಮೆಟ್ಟಿಲ ಮೇಲೆ ಕಾಲಿಟ್ಟವರು ಹಾಗೇ ನಿಂತರು. ಫಟಾರೆಂದು ಅಜ್ಜಿಯ ಏಟು ನನ್ನ ಕೆನ್ನೆಗೆ ಬಿತ್ತು. ಅಜ್ಜಿ ಅದುವರೆಗೆ ಒಂದು ಸಲವೂ ನನ್ನ ಮೇಲೆ ಕೈ ಮಾಡಿದವರಲ್ಲ.

“ಬಿಡ್ತು ಅನ್ನು! ಬಿಡ್ತು ಅನ್ನೇ! ಯಾರ್ ಹೇಳಿದ್ರು ನಿಂಗೆ? ಗಿರಿಜನ್ ವಿಷ್ಯ ಯಾರ್ ಹೇಳಿದ್ರು?”

ನನಗೆ ಏಟಿನ ಉರಿಯೇ ಮರೆತುಹೋಯಿತು. “ಗಿರಿಜ ಚಿಕ್ಕಮ್ಮನ್ ವಿಷ್ಯ ಏನು? ಅವ್ರಿಗೆ ಜ್ವರ ಬಂದಿತ್ತಲ್ವಾ?”

ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಬಾಗಿಲ ಚೌಕಟ್ಟಿಗೆ ಒರಗಿದರು. ಅಮ್ಮ ನೋವಿನಲ್ಲೇ ಬಗ್ಗಿ, ನನ್ನ ಬೆರಳುಗಳನ್ನು ಸೀರೆಯಿಂದ ಒಂದೊಂದಾಗಿ ಬಿಡಿಸಿದಳು. “ಬರ್ತೀನಿ ಕಣೇ” ಎಂದಳು. ಗಾಡಿ ಹೊರಟುಹೋಯಿತು. ರಸ್ತೆಯ ತಿರುವಿನವರೆಗೂ ನೋಡುತ್ತ ನಿಂತೆ. ಪುಸ್ತಕದಲ್ಲಿದ್ದದ್ದು ಸುಳ್ಳು ಕಥೆ ಅಂದುಕೊಂಡು ಸಮಾಧಾನ ಮಾಡಿಕೊಳ್ಳುವ ದಾರಿಯೂ ಈಗ ಮುಚ್ಚಿತ್ತು. ಅದು ನಮ್ಮ ಮನೆಯಲ್ಲೇ ನಡೆದಿತ್ತು. ಗೋಡೆಯ ಮೇಲೆ ದಿನವೂ ನೋಡುತ್ತಿದ್ದ ಮುಖಕ್ಕೆ ನಡೆದಿತ್ತು.

ರಂಪ ಕೇಳಿಸಿತೋ ಏನೋ, ಸ್ವಲ್ಪ ಹೊತ್ತಿಗೆ ಲಲಿತಮ್ಮ ಟೀಚರ್ ಬಂದರು. ನಾನು ಹಾಸಿಗೆಯ ಸುರುಳಿಯ ಮೇಲೆ ಬೋರಲು ಬಿದ್ದಿದ್ದೆ. ಏನಾಯಿತೆಂದು ಕೇಳಿದರು. ಸುರುಳಿಯೊಳಗಿನಿಂದ ಪುಸ್ತಕ ಎಳೆದು ಅವರ ಕೈಗೆ ಕೊಟ್ಟೆ. ಅವರು ಹಾಳೆ ಮಗುಚಿ, ನನ್ನ ಕಣ್ಣೀರು ಬಿದ್ದು ಸುಕ್ಕುಗಟ್ಟಿದ ಪುಟದಲ್ಲಿ ನಿಂತರು. ಆಮೇಲೆ ಅಜ್ಜಿಯನ್ನು ನೋಡಿದರು, ಗೋಡೆಯ ಫೋಟೋ ನೋಡಿದರು.

“ಹೆರಿಗೇಲಾ ಅಮ್ಮಾ?” ಎಂದು ಮೆಲ್ಲಗೆ ಕೇಳಿದರು.

“ಮೊದಲನೇ ಹೆರಿಗೆ ತಾಯಿ. ಹತ್ತೊಂಬತ್ತು ವರ್ಷದ ಹುಡುಗಿ. ಮಳೆಗಾಲ. ಹಳ್ಳ ದಾಟಿ ಗಾಡಿ ಬರ್ಲಿಲ್ಲ” ಎಂದರು ಅಜ್ಜಿ. “ಈ ಕೂಸುಗಳಿಗೆ ಏನಂತ ಹೇಳೋದು? ಜ್ವರ ಅಂದ್ವಿ.”

ಟೀಚರ್ ದೊಪ್ಪನೆ ನೆಲದ ಮೇಲೆ ಕುಳಿತುಬಿಟ್ಟರು. ಅಷ್ಟು ವರ್ಷ ಶಾಲೆಯನ್ನೇ ನಡೆಸಿದ ಹೆಂಗಸು, ಬೈಸಿಕೊಳ್ಳುವ ಹುಡುಗಿಯಂತೆ ತಲೆ ತಗ್ಗಿಸಿದರು. “ನಾನು ಇವಳ ಎತ್ತರ ನೋಡಿ ಪುಸ್ತಕ ಕೊಟ್ಟೆ. ತಾಯಿ ಬಸುರಿ ಅನ್ನೋದು ನಂಗೆ ಗೊತ್ತಿತ್ತು, ದಿನಾ ಕಾಣ್ತಿತ್ತು. ಎರಡನ್ನೂ ಸೇರಿಸಿ ನೋಡ್ಲಿಲ್ಲ. ನನ್ನಂಥೋಳು!”

“ಪುಸ್ತಕದ್ದೇನ್ ತಪ್ಪು ತಾಯಿ, ಅದು ನಿಜಾನೇ ಹೇಳ್ತು. ಸುಳ್ಳು ಹೇಳಿದ್ದು ನಾವು” ಎಂದರು ಅಜ್ಜಿ.

ಟೀಚರ್ ಎದ್ದು ಮನೆಗೆ ಹೋಗಿ ಒಂದು ತೆಳ್ಳನೆಯ ಪುಸ್ತಕ ತಂದರು. ನಡುವಿನ ಹಲಗೆಯದು, ಪ್ರಾಣಿಗಳು ಮರಿ ಹಾಕುವುದು, ಸಾಕುವುದು, ಎಲ್ಲ ಚಿತ್ರಸಹಿತ ಇತ್ತು. ಅದನ್ನು ಜೋರಾಗಿ ಓದಿದರು. ಹಸು ಕರು ಹಾಕುವ ಪುಟ ಬಂದಾಗ ಅಜ್ಜಿಗೆ ತಡೆಯಲಾಗಲಿಲ್ಲ. “ಹಂಗಲ್ಲ ಅದು, ಮುಂಗಾಲು ಎರಡೂ ಮೊದ್ಲು ಬರ್ತವೆ, ಮೂತಿ ಆಮೇಲೆ” ಎಂದು ತಾವೇ ಹೇಳತೊಡಗಿದರು. ನಾನು ಎದ್ದು ಕುಳಿತು ಕೇಳಿದೆ. ಮಗು ಎಲ್ಲಿರುತ್ತದೆ, ಎಲ್ಲಿಂದ ಬರುತ್ತದೆ, ನೋವು ಯಾಕೆ, ರಕ್ತ ಯಾಕೆ, ಚಿಕ್ಕಮ್ಮ ಯಾಕೆ ಉಳಿಯಲಿಲ್ಲ, ಅಮ್ಮ ಉಳಿಯುತ್ತಾಳಾ?

“ಉಳೀತಾಳೆ ಅಂತ ನಾನು ಆಣೆ ಹಾಕಲಾರೆ ಉಮಾ” ಎಂದರು ಟೀಚರ್. “ಆದ್ರೆ ನಿಮ್ಮಮ್ಮ ಹೊತ್ತಿಗೆ ಸರಿಯಾಗಿ ಹೋಗಿದಾಳೆ, ಅಲ್ಲಿ ಡಾಕ್ಟರ್ ಇದಾರೆ, ಈ ಕೆಲಸ ದಿನಾ ಮಾಡೋರು. ನಿನ್ನನ್ನ, ರವೀನ ಹೆತ್ತು ಎದ್ದು ಓಡಾಡಿದ ಮೈ ಅದು. ಅದಕ್ಕೇ ನಂಗೆ ಧೈರ್ಯ ಇದೆ.”

ವಿಚಿತ್ರವೆಂದರೆ, ಆಣೆ ಹಾಕಲಾರೆ ಎಂದ ಆ ಮಾತೇ ನನ್ನನ್ನು ಹಿಡಿದು ನಿಲ್ಲಿಸಿತು. ಅಷ್ಟು ದಿನಗಳ ಮೇಲೆ ಮೊದಲ ಬಾರಿಗೆ ಹಸಿವಾಯಿತು. ಅಜ್ಜಿ ನನಗೂ ರವಿಗೂ ಟೀಚರಿಗೂ ರಾಗಿರೊಟ್ಟಿ ತಟ್ಟಿಕೊಟ್ಟರು. ಮೇಲೆ ಬೆಣ್ಣೆ. ಹೊಡೆದ ಕೆನ್ನೆಯನ್ನು ಮುಟ್ಟಿ ಮುಟ್ಟಿ ನೋಡಿದರು. ಊಟವಾದ ಮೇಲೆ ಯಾರೂ ಕೇಳದಿದ್ದರೂ ಗಿರಿಜ ಚಿಕ್ಕಮ್ಮನ ಬಗ್ಗೆ ಹೇಳಿದರು. ಅವಳು ಮರ ಹತ್ತುತ್ತಿದ್ದದ್ದು, ಅಮ್ಮನ ಜೊತೆ ಒಂದೇ ರಿಬ್ಬನ್ನಿಗೆ ಜಗಳವಾಡಿದ್ದು. ಅದುವರೆಗೆ ಬರೀ ಹಾರವಾಗಿದ್ದವಳು ಆ ಮಧ್ಯಾಹ್ನ ನನಗೆ ಚಿಕ್ಕಮ್ಮನಾದಳು.

ಮರುದಿನ ಮಧ್ಯಾಹ್ನ ಅಪ್ಪ ಬಂದರು. ಗೇಟಿನಿಂದಲೇ ಕೂಗಿದರು: “ಹೆಣ್ಣು ಮಗು! ಇಬ್ರೂ ಚೆನ್ನಾಗಿದಾರೆ!” ಅಜ್ಜಿ ನೆಲಕ್ಕೆ ಕುಸಿದು ಎರಡೂ ಕೈ ಮುಗಿದರು. ನಾನು ಮಾತ್ರ, ಕೆಲವು ದಿನಗಳ ಮೇಲೆ ಅಮ್ಮ ಗಾಡಿಯಿಂದ ಇಳಿದು, ತನ್ನ ಕಾಲಲ್ಲೇ ನಡೆದು ಒಳಗೆ ಬರುವವರೆಗೂ ಪೂರ್ತಿ ನಂಬಲಿಲ್ಲ. ಬಂದವಳು ಮಗುವನ್ನು ನನ್ನ ಮಡಿಲಿಗೆ ಇಟ್ಟು, “ನೀನ್ ಕೂಗಿದ್ದು ಅಲ್ಲೂ ಕೇಳಿಸ್ತಾನೇ ಇತ್ತು. ನಂಗೂ ಅದೇ ಭಯ ಇತ್ತು ಕಣೇ, ಯಾರಿಗೂ ಹೇಳಿರ್ಲಿಲ್ಲ” ಎಂದಳು. ತಂಗಿಗೆ ಗಿರಿಜ ಎಂದೇ ಹೆಸರಿಟ್ಟರು.

ಟೀಚರ್ ಆಮೇಲೂ ಪುಸ್ತಕ ಕೊಡುವುದನ್ನು ನಿಲ್ಲಿಸಲಿಲ್ಲ. ಆದರೆ ಯಾರೂ ತಾವಾಗಿಯೇ ತೆಗೆದುಕೊಳ್ಳುವ ಹಾಗಿರಲಿಲ್ಲ. ಪ್ರತಿ ಮಗುವನ್ನೂ ವರಾಂಡದ ಕಟ್ಟೆಯ ಮೇಲೆ ಕೂರಿಸಿಕೊಂಡು, ಮನೆಯಲ್ಲಿ ಎಲ್ಲರೂ ಹೇಗಿದ್ದಾರೆ, ಈಚೆಗೆ ಏನು ಯೋಚನೆ, ನಿದ್ದೆ ಬರುತ್ತಾ ಎಂದೆಲ್ಲ ಕೇಳಿ, ಆಮೇಲೆ ಬೀರುವಿನ ಕಡೆ ನಡೆಯುತ್ತಿದ್ದರು. ಓದಿದ ಪುಸ್ತಕ ವಾಪಸ್ ತಂದಾಗಲೂ ಕೂರಿಸುತ್ತಿದ್ದರು. ಟೀಚರಿಗೆ ಊರ ಸುದ್ದಿಯೆಲ್ಲ ಬೇಕು ಎಂದು ನಾವು ಹಿಂದಿನಿಂದ ನಗುತ್ತಿದ್ದೆವು.

ಅಮ್ಮ, ಅಜ್ಜಿ, ಟೀಚರ್, ಯಾರೂ ಈಗಿಲ್ಲ. ಆ ವರಾಂಡ ಇದ್ದ ಜಾಗದಲ್ಲಿ ನಾಲ್ಕು ಮಹಡಿಯ ಕಟ್ಟಡ ನಿಂತಿದೆ. ಈಚೆಗೆ ಮೊಮ್ಮಗಳಿಗೆ ಉಡುಗೊರೆ ಕೊಳ್ಳಲು ಅದೇ ರಸ್ತೆಯ ಪುಸ್ತಕದ ಅಂಗಡಿಗೆ ಹೋಗಿದ್ದೆ. ಚಂದದ ಅಂಗಡಿ. ಐದರಿಂದ ಏಳು, ಎಂಟರಿಂದ ಹತ್ತು, ಹನ್ನೊಂದರಿಂದ ಹದಿಮೂರು ಎಂದು ಬಣ್ಣದ ಚೀಟಿ ಅಂಟಿಸಿ ಅಚ್ಚುಕಟ್ಟಾಗಿ ಜೋಡಿಸಿದ್ದರು. ನಮ್ಮ ಕಾಲದಲ್ಲಿ ಕನಸಿನಲ್ಲೂ ಕಾಣದಷ್ಟು ಪುಸ್ತಕ.

“ವಯಸ್ಸೆಷ್ಟು ಆಂಟಿ?” ಎಂದಳು ಅಲ್ಲಿನ ಹುಡುಗಿ.

“ಹತ್ತು.”

“ಈ ಕಡೆ ಬನ್ನಿ.”

ಮುಂದೆ ಇನ್ನೇನಾದರೂ ಕೇಳುತ್ತಾಳೆಂದು ನಾನು ನಿಂತೇ ಇದ್ದೆ. ಅವಳು ಆಗಲೇ ಇನ್ನೊಬ್ಬರ ಕಡೆ ತಿರುಗಿದ್ದಳು. ಅವಳ ತಪ್ಪಲ್ಲ, ನನ್ನ ಮೊಮ್ಮಗಳು ಯಾರೆಂದು ಅವಳಿಗೇನು ಗೊತ್ತು? ಬೇಕಾದ್ದಕ್ಕಿಂತ ಹೆಚ್ಚು ಪುಸ್ತಕ ಬಂದಿದೆ. ಮಗುವಿನ ಮನೆಯಲ್ಲಿ ಈ ವಾರ ಏನು ನಡೆಯುತ್ತಿದೆ ಎಂದು ಕಾಣುವಷ್ಟು ಹತ್ತಿರದಲ್ಲಿ ನಿಂತು ಪುಸ್ತಕವನ್ನು ಕೈಗೆ ಕೊಡುವವರು ಇಲ್ಲವಾಗಿದ್ದಾರೆ. ಪುಸ್ತಕ ಆರಿಸುವ ಮೊದಲು ನಾನು ಅಂಗಡಿಯ ಹೊರಗೆ ಬಂದು ಮೊಮ್ಮಗಳಿಗೆ ಫೋನ್ ಮಾಡಿದೆ. “ಏನಜ್ಜಿ, ಏನ್ ವಿಷ್ಯ?” ಎಂದು ಅವಳು ಗಾಬರಿಯಿಂದ ಕೇಳಿದಳು. ಸುಮ್ಮನೆ ಹೇಗಿದ್ದೀಯ ಎಂದು ಕೇಳಲು ಯಾರಾದರೂ ಫೋನ್ ಮಾಡಬಹುದೆಂದು ಆ ಮಗುವಿಗೆ ಗೊತ್ತೇ ಇರಲಿಲ್ಲ.