ಖರ್ಜೂರದ ಮರಕ್ಕೆ ಕಿವಿಗೊಡುವ ಲಾನ್ಸಿ

ಬಹರೈನಿನ ಬುದೈಯಾ ರಸ್ತೆಯ ಪಕ್ಕದ ತೋಟಕ್ಕೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮಸೀದಿಯ ಬಾಂಗ್ ಆಗಷ್ಟೇ ಮುಗಿದಿದೆ. ಲಾನ್ಸೆಲೊಟ್ ಡಿಸೋಜ ಖರ್ಜೂರದ ಮರವೊಂದನ್ನು ತಬ್ಬಿ, ಒರಟು ಕಾಂಡಕ್ಕೆ ಕಿವಿಯೊತ್ತಿ ನಿಂತಿದ್ದಾರೆ. ದೂರದಿಂದ ಕಂಡವರು ಪಾಪ, ಯಾರಿಗೋ ತಲೆ ಕೆಟ್ಟಿದೆ ಎಂದುಕೊಂಡಾರು. "ಶ್, ಸ್ವಲ್ಪ ಸುಮ್ನಿರಿ ಮಾರಾಯ್ರೆ. ಹುಳು ಇದ್ರೆ ಒಳಗೆ ಅಗಿಯುದು ಕೇಳ್ತದೆ," ಎಂದು ಬಂದವರನ್ನು ಗದರುತ್ತಾರೆ. ಆಮೇಲೆ ಹಸುವಿನ ಬೆನ್ನು ತಟ್ಟುವ ಹಾಗೆ ಕಾಂಡ ತಟ್ಟಿ, "ಇದಕ್ಕೆ ಎಂತ ಆಗ್ಲಿಲ್ಲ, ಗಟ್ಟಿ ಉಂಟು" ಎಂದು ನಗುತ್ತಾರೆ.

ಲಾನ್ಸಿ ಹುಡುಕುತ್ತಿರುವುದು ಕೆಂಪು ಮೂತಿ ಹುಳುವನ್ನು. ಬಹರೈನಿಗೆ ಅದು ಕಾಲಿಟ್ಟು ಬಹಳ ವರ್ಷವೇನೂ ಆಗಿಲ್ಲ. ಮರದ ಗಾಯ ಹುಡುಕಿ ಮೊಟ್ಟೆಯಿಡುತ್ತದೆ, ಮರಿಗಳು ತಿರುಳು ತಿನ್ನುತ್ತವೆ. ಹೊರಗೆ ಹಚ್ಚಗಿರುವ ಮರ ಒಂದು ದಿನ ಇದ್ದಕ್ಕಿದ್ದಂತೆ ತಲೆ ಬಾಗಿಸುತ್ತದೆ. ಅಷ್ಟು ಹೊತ್ತಿಗೆ ಪಕ್ಕದ ಮರಗಳಿಗೂ ಹುಳು ಹಾರಿರುತ್ತದೆ. ತೋಟದಿಂದ ತೋಟಕ್ಕೆ ನಡೆದು, ನೆಲದಲ್ಲಿ ಹುಗಿದ ಬಕೆಟ್ಟುಗಳಲ್ಲಿ ನೆನೆಸಿದ ಖರ್ಜೂರದ ವಾಸನೆಗೆ ಬಿದ್ದ ಹುಳುಗಳನ್ನು ಹೆಕ್ಕಿ, ಕಾಂಡ ಮೂಸಿ, ಕಿವಿಗೊಟ್ಟು ಕೇಳುವುದೇ ಅವರ ಈಗಿನ ಕೆಲಸ. ಪೂರಾ ಹಾಳಾದ ಮರವನ್ನು ಕಡಿಸಲೇಬೇಕು. "ನನ್ನ ಮುಖ ಕಂಡ್ರೆ ತೋಟದವರಿಗೆ ಚಾ ಕೊಡುದಾ, ಗೇಟು ಹಾಕುದಾ ಅಂತ ಗೊತ್ತಾಗುದಿಲ್ಲ," ಎನ್ನುತ್ತಾರೆ.

ಊರು ಕರಾವಳಿಯ ಶಿರ್ವ. ತಂದೆ ಬೆಳಗ್ಗೆದ್ದು ತೆಂಗಿನ ಸುಳಿಯಿಂದ ಕುರುವಾಯಿ ಹುಳುವನ್ನು ಕೊಕ್ಕೆಯಲ್ಲಿ ಎಳೆದು ತೆಗೆಯುತ್ತಿದ್ದರೆ, ತಾಯಿ ಅಕ್ಕಿ ಹಿಟ್ಟಿಗೆ ಶೇಂದಿ ಹಾಕಿ ಇಡ್ಲಿಯಂಥ ಸನ್ನ ಬೇಯಿಸುತ್ತಿದ್ದರಂತೆ. ತೋಟದ ಮಾಲಿಯಾಗಿ ಇಲ್ಲಿಗೆ ಬಂದಾಗ ನೀರು ಬುಗ್ಗೆಯಿಂದ ತಾನಾಗಿ ಹರಿದು ಬರುತ್ತಿತ್ತು. ಈಗ ಬುಗ್ಗೆ ಬತ್ತಿದೆ, ಪಂಪು ಕೂಗುತ್ತದೆ, ಆಚೆ ಸೀಫ್ ಕಡೆ ಸಮುದ್ರಕ್ಕೆ ಮಣ್ಣು ತುಂಬಿ ಕಟ್ಟಡ ಎಬ್ಬಿಸುತ್ತಿದ್ದಾರೆ. "ಗಾಳಿ ಬಂದಾಗ ಕಣ್ಣು ಮುಚ್ಚಿದ್ರೆ ಇದೂ ನಮ್ಮ ತೆಂಗಿನ ತೋಟವೇ. ಕಣ್ಣು ಬಿಟ್ರೆ ಬೇಜಾರಾಗ್ತದೆ. ಹಾಗಾಗಿ ಸ್ವಲ್ಪ ಹೊತ್ತು ಮುಚ್ಚಿಯೇ ಇಡುದು," ಎನ್ನುವಾಗ ಅವರ ದನಿ ಇಳಿಯುತ್ತದೆ.

ಈ ತೋಟದ ಯಜಮಾನರನ್ನು ಎಲ್ಲರೂ ಹಾಜಿ ಎಂದೇ ಕರೆಯುವುದು. ಗೇಟಿನ ಬಳಿಯ ಮರ ಅವರ ತಾಯಿ ನೆಟ್ಟದ್ದು. ಈಸ್ಟರಿಗೆ ಮುಂಚಿನ ಗರಿಗಳ ಭಾನುವಾರಕ್ಕೆ ಕ್ರೈಸ್ತರು ಇಗರ್ಜಿಯಲ್ಲಿ ಹಿಡಿಯುವ ಎಳೆಗರಿಗಳನ್ನು ಲಾನ್ಸಿ ವರ್ಷವೂ ಹತ್ತಿ ಕಡಿಯುತ್ತಿದ್ದದ್ದು ಅದೇ ಮರದಿಂದ. ದೇವರ ಕೆಲಸಕ್ಕೆ ಕೇಳಬೇಕೇ ಎಂದು ಹಾಜಿಯೇ ಏಣಿ ಹಿಡಿಯುತ್ತಿದ್ದರು. ಹುಳು ಆಗಿನ್ನೂ ಈ ಕಡೆಯ ತೋಟಗಳಲ್ಲಿ ಕಂಡಿರಲಿಲ್ಲ, ಹಸಿ ಗಾಯದ ವಾಸನೆಗೆ ಅದು ಬರುತ್ತದೆ ಎಂಬುದು ಇಬ್ಬರಿಗೂ ಹೊಳೆದಿರಲಿಲ್ಲ.

ಕಳೆದ ವರ್ಷ ಹಬ್ಬ ಹತ್ತಿರ ಬಂದಾಗ ಪಕ್ಕದ ತೋಟದ ಬಕೆಟ್ಟಿನಲ್ಲಿ ಹುಳು ಬಿತ್ತು. ಈ ಸಲ ಗರಿ ಕಡಿಯುವುದಿಲ್ಲ ಎಂದು ಲಾನ್ಸಿ ಪಟ್ಟು ಹಿಡಿದರು. ಇಗರ್ಜಿಯ ಕೆಲಸಕ್ಕೆ ಓಡಾಡುವ, ಬ್ಯಾಂಕಿನ ಮ್ಯಾನೇಜರ್ ಪ್ಯಾಟ್ರಿಕ್ ಮುಖ ಗಂಟಿಕ್ಕಿದರು. "ಎಂತ ಲಾನ್ಸಿಬಾಬ್, ದೇವರಿಗೆ ಎರಡು ಗರಿ ಕೊಡ್ಲಿಕ್ಕೂ ನಿಮ್ಮ ಪರ್ಮಿಶನ್ ಬೇಕಾ?" ಎಂದುಬಿಟ್ಟರು. ಉಮ್ ಅಲ್ ಹಸ್ಸಮ್‌ನಲ್ಲಿರುವ ಲಾನ್ಸಿಯ ಮನೆಗೆ ಜಪಮಾಲೆ ಪ್ರಾರ್ಥನೆ ಹೇಳಲು ಬರುತ್ತಿದ್ದವರು ಬರುವುದನ್ನೇ ಬಿಟ್ಟರು. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಹೆಂಡತಿ ಕ್ಲೊಟಿಲ್ಡಾ, "ಜನ ಮಾತಾಡದಿದ್ರೆ ನಾವು ಸಾಯುದಿಲ್ಲ" ಎಂದು ಧೈರ್ಯ ಹೇಳಿ, ಒಳಗೆ ಹೋಗಿ ಅತ್ತರಂತೆ.

ಅದೇ ವಾರ ಲಾನ್ಸಿ ಗೇಟಿನ ಮರಕ್ಕೆ ಕಿವಿಯಿಟ್ಟರು. ಒಳಗೆ ಕರಕರ ಸದ್ದು. ಏಣಿ ಹತ್ತಿ ನೋಡಿದರೆ ಹಿಂದಿನ ವರ್ಷ ತಾನು ಗರಿ ಕಡಿದ ಜಾಗದಲ್ಲೇ ಕಂದು ರಸ, ಹುಳಿ ನಾತ. "ಮುಚ್ಚಿಡುವ ಅಂತ ಒಂದು ಗಳಿಗೆ ಅನಿಸಿತು, ಸುಳ್ಳು ಯಾಕೆ ಹೇಳುದು? ಕೆಲಸ ಹೋಗುದು ಬಿಡಿ, ಹಾಜಿಯ ಮುಖ ನೋಡುದು ಹೇಗೆ? ಆದ್ರೆ ಹೇಳದಿದ್ರೆ ಉಳಿದ ಮರಗಳೂ ಹೋಗ್ತಿದ್ವು." ಹಾಜಿಯ ಮುಂದೆ ನಿಂತು, ಅರಬ್ಬಿ ಹಿಂದಿ ಬೆರೆಸಿ, ನನ್ನ ಕತ್ತಿಯಿಂದಲೇ ಆದದ್ದು ಎಂದು ಹೇಳಿಯೇಬಿಟ್ಟರು.

ಹಾಜಿ ಮರದ ಬುಡದಲ್ಲಿ ಕೂತು ಕಾಂಡ ಸವರಿದರು. ಎದ್ದು ಹೇಳಿದ್ದು ಒಂದೇ ಮಾತು: "ಕಡಿ. ಸುಡುವ ಮೊದಲು ನಿಮ್ಮ ಹಬ್ಬಕ್ಕೆ ಬೇಕಾದ ಗರಿ ತೆಗೆದುಕೊ."

ಮರ ಬಿತ್ತು. ನಡು ಪೂರಾ ಟೊಳ್ಳು. ತುದಿಯ ಸುಳಿ ಮಾತ್ರ ಹೇಗೋ ಉಳಿದಿತ್ತು. ಲಾನ್ಸಿ ಒಂದೊಂದೇ ಎಸಳನ್ನು ಬಿಡಿಸಿ, ಹುಳುವಿಲ್ಲವೆಂದು ನೋಡಿ, ಒರೆಸಿ ಕಟ್ಟಿದರು. ಉಳಿದದ್ದನ್ನೆಲ್ಲ ಸುಟ್ಟು ಹೂಳಿದರು. ಗರಿಯ ಕಟ್ಟನ್ನು ಪ್ಯಾಟ್ರಿಕ್ ಕೈಗಿಟ್ಟು, ಮರ ಹೋದ ಕತೆ ಹೇಳಿದರು. ಪೂಜೆ ಮುಗಿದ ಮೇಲೆ ಅವರೇ ಬಂದು, "ಈ ವಾರ ಜಪಮಾಲೆ ನಿಮ್ಮಲ್ಲೇ ಇಟ್ಟುಕೊಳ್ಳುವ, ಆಗದಾ?" ಎಂದರಂತೆ.

ಇಗರ್ಜಿಯ ಪದ್ಧತಿಯಂತೆ ಹಿಂದಿನ ವರ್ಷದ ಗರಿಗಳನ್ನು ಸುಟ್ಟು, ಆ ಬೂದಿಯನ್ನು ಬೂದಿ ಬುಧವಾರದಂದು ಹಣೆಗೆ ಹಚ್ಚುತ್ತಾರೆ. ಮೊನ್ನೆ ಹಣೆಯ ಮೇಲೆ ಆ ಶಿಲುಬೆಯ ಗುರುತಿಟ್ಟುಕೊಂಡೇ ಲಾನ್ಸಿ ತೋಟಕ್ಕೆ ಬಂದಿದ್ದರು. ಇದೇನು ಕೊಳೆ, ತೊಳೆದುಕೊ ಎಂದರು ಹಾಜಿ.

"ಕೊಳೆ ಅಲ್ಲ ಹಾಜಿ, ನಿಮ್ಮ ತಾಯಿಯ ಮರ ಅಂದೆ," ಎನ್ನುವಾಗ ಲಾನ್ಸಿಯ ಕಣ್ಣು ತುಂಬುತ್ತದೆ. "ಅವರು ಬೆರಳಲ್ಲಿ ನನ್ನ ಹಣೆ ಮುಟ್ಟಿ ನೋಡಿದ್ರು. ಮತ್ತೆ ತೋಟ ಪೂರಾ ಕೈ ಬೀಸಿ ತೋರಿಸಿದ್ರು. ಇವೆಲ್ಲ ಆ ಮರದ ಬುಡದಿಂದ ಕಿತ್ತು ನೆಟ್ಟ ಕಂದುಗಳು, ಅವಳ ಮಕ್ಕಳು, ನೀನೇ ನೋಡಿಕೊ ಅಂದ್ರು. ನನಗೆ ಹೇಳಿದ್ರು, ಗೊತ್ತುಂಟಾ? ಕತ್ತಿ ಹಾಕಿದವನಿಗೆ."